ಕೆಂಪು ತ್ರಿಕೋನದ ಅರ್ಧ ಮಾತು

ಪುಸ್ತಕ, ಸಿನಿಮಾ ವಿಮರ್ಶೆ ಮಾಡೋರು ಬೇಕಾದಷ್ಟು ಜನ ಇದ್ದಾರೆ. ನಾನು ಇವತ್ತು ಒಂದು ಡ್ಯಾಶ್‌ಬೋರ್ಡಿನ ವಿಮರ್ಶೆ ಮಾಡ್ತೀನಿ. ಕಾರು ಟೊಯೊಟಾ ಪ್ರಿಯಸ್, ಎರಡನೇ ತಲೆಮಾರಿನದು, ಅಮೆರಿಕದಲ್ಲಿ 2004ರಿಂದ 2009ರವರೆಗಿನ ಮಾಡೆಲ್. ಇಲ್ಲಿಗೆ ಓದೋಕೆ ಬಂದ ನಮ್ಮ ಹುಡುಗರು ಪೆಟ್ರೋಲ್ ಉಳಿಯುತ್ತೆ ಅಂತ ಮೂರನೇ ಕೈ, ನಾಲ್ಕನೇ ಕೈಯಿಂದ ಕೊಳ್ಳೋ ಕಾರುಗಳಲ್ಲಿ ಇದೂ ಒಂದು. ಯಂತ್ರವಾಗಿ ಅದಕ್ಕೆ ನನ್ನ ಪೂರ್ತಿ ಅಂಕ. ಆದರೆ ಮಾತಿನಲ್ಲಿ ಬಲು ಜಿಪುಣ.

ಈ ಕಾರಿಗೆ ಏನೇ ಆಗಲಿ, ಮೊದಲು ಹತ್ತೋದು ಒಂದು ಕೆಂಪು ತ್ರಿಕೋನ, ಒಳಗೊಂದು ಆಶ್ಚರ್ಯಸೂಚಕ ಚಿಹ್ನೆ. ಪೆಟ್ರೋಲ್ ಪೂರ್ತಿ ಖಾಲಿಯಾದರೂ ಅದೇ, ಇನ್ವರ್ಟರ್ ತಂಪು ಮಾಡೋ ಪಂಪು ನಿಂತರೂ ಅದೇ, ದೊಡ್ಡ ಬ್ಯಾಟರಿ ಸೊರಗಿದರೂ ಅದೇ. ಜೊತೆಗೆ ಚೆಕ್ ಎಂಜಿನ್, ಬ್ರೇಕ್, ಎಬಿಎಸ್ ದೀಪಗಳೂ ಸೇರಿಕೊಂಡರೆ ಡ್ಯಾಶ್‌ಬೋರ್ಡು ಜಾತ್ರೆಯ ತೇರಿನ ಹಾಗೆ ಕಾಣುತ್ತೆ. ಕಾರಿನವನ ಎದೆ ಒಡೆಯೋದು ಅಲ್ಲೇ. 'ಬ್ಯಾಟರಿ ಹೋಯ್ತು, ಕೆಲವು ಸಾವಿರ ಡಾಲರ್ ಕೈಬಿಟ್ಟಿತು' ಅಂತ ಮನಸ್ಸು ಮೊದಲೇ ತೀರ್ಪು ಬರೆದುಬಿಡುತ್ತೆ.

ಆದರೆ ಈ ಕಾರಿನಲ್ಲಿ ಬ್ಯಾಟರಿ ಎರಡಿವೆ. ಹಿಂದಿನ ಸೀಟಿನ ಬೆನ್ನಿಗೆ 201.6 ವೋಲ್ಟಿನ ದೊಡ್ಡದು, ಡಿಕ್ಕಿಯ ಬಲಮೂಲೆಯಲ್ಲಿ 12 ವೋಲ್ಟಿನ ಚಿಕ್ಕದು. ಮಾಮೂಲಿ ಕಾರಿನಲ್ಲಿ ಚಿಕ್ಕ ಬ್ಯಾಟರಿ ಸಾಯೋ ಮುಂಚೆ ಸ್ಟಾರ್ಟರ್ ನರಳುತ್ತೆ, ಕಿವಿಯಿಂದಲೇ ರೋಗ ಗೊತ್ತಾಗುತ್ತೆ. ಪ್ರಿಯಸ್‌ನಲ್ಲಿ ಎಂಜಿನ್ ತಿರುಗಿಸೋದು ದೊಡ್ಡ ಬ್ಯಾಟರಿ. ಚಿಕ್ಕದರ ಕೆಲಸ ಕಂಪ್ಯೂಟರುಗಳನ್ನ ಎಬ್ಬಿಸೋದು. ಅದು ಸೊರಗಿದಾಗ ನರಳಾಟ ಕೇಳಿಸಲ್ಲ. ಬದಲಿಗೆ ಅರೆನಿದ್ದೆಯಲ್ಲಿ ಎದ್ದ ಕಂಪ್ಯೂಟರುಗಳು ಒಂದರ ಮೇಲೊಂದು ದೂರು ಕೊಡ್ತವೆ, ಸಂಬಂಧವೇ ಇಲ್ಲದ ಹತ್ತು ದೀಪ ಒಟ್ಟಿಗೆ ಹತ್ತುತ್ತವೆ. ಹಾಗಾಗಿ ಮೊದಲು ಒಂದು ಮಲ್ಟಿಮೀಟರ್ ಹಿಡೀರಿ. ರಾತ್ರಿಯೆಲ್ಲ ನಿಂತ ಕಾರಿನಲ್ಲಿ ಚಿಕ್ಕ ಬ್ಯಾಟರಿ 12.6 ವೋಲ್ಟ್ ಆಸುಪಾಸು ಇರಬೇಕು. 12ಕ್ಕಿಂತ ಕೆಳಗಿದ್ದರೆ ಮೊದಲ ಆರೋಪಿ ಅದೇ.

ಚಿಕ್ಕದು ಸರಿಯಿದ್ದರೆ ಮುಂದೆ ದೊಡ್ಡದು. ಅದರಲ್ಲಿ 28 ಮಾಡ್ಯೂಲ್, ಒಂದೊಂದರಲ್ಲೂ 1.2 ವೋಲ್ಟಿನ 6 ಸೆಲ್. ಎರಡೆರಡು ಮಾಡ್ಯೂಲ್ ಸೇರಿಸಿ 14 ಬ್ಲಾಕ್ ಅಂತ ಲೆಕ್ಕ ಹಿಡಿದು, ಪ್ರತಿ ಬ್ಲಾಕಿನ ವೋಲ್ಟೇಜನ್ನೂ ಕಾರಿನೊಳಗಿನ ಕಂಪ್ಯೂಟರ್ ಬಿಡದೆ ನೋಡ್ತಾ ಇರುತ್ತೆ. ಒಂದು ಸೆಲ್ ಸತ್ತರೆ ಆ ಬ್ಲಾಕ್ ಹತ್ತಿರ ಹತ್ತಿರ 1.2 ವೋಲ್ಟ್ ಹಿಂದೆ ಬೀಳುತ್ತೆ. ಅಂದರೆ ಯಾವ ಬ್ಲಾಕು, ಎಷ್ಟು ಕಮ್ಮಿ ಅನ್ನೋ ಪೂರ್ತಿ ಜಾತಕ ಕಾರಿನ ಹತ್ತಿರ ಇದೆ. ಒಡೆಯನಿಗೆ ಮಾತ್ರ ಪರದೆ ಮೇಲೆ 8 ಗೆರೆಯ ಬ್ಯಾಟರಿ ಚಿತ್ರ, ಅದೂ ಚಾರ್ಜ್ ಎಷ್ಟಿದೆ ಅನ್ನೋದಕ್ಕೆ. ಆರೋಗ್ಯದ ಬಗ್ಗೆ ಒಂದಕ್ಷರ ಇಲ್ಲ.

ಇನ್ನು ಕೋಡ್. ಸ್ಟೇರಿಂಗ್ ಕೆಳಗಿನ 16 ಪಿನ್ನಿನ ಕಿಂಡಿಗೆ ರೀಡರ್ ಸಿಕ್ಕಿಸಿದರೆ ಕೆಟ್ಟ ಬ್ಯಾಟರಿಗೆ ಸಾಮಾನ್ಯವಾಗಿ ಬರೋದು ಪಿ0ಎ80. ಇದರ ಅಧಿಕೃತ ಹೆಸರು ಏನು ಗೊತ್ತಾ? 'ಹೈಬ್ರಿಡ್ ಬ್ಯಾಟರಿ ಪ್ಯಾಕ್ ಬದಲಿಸಿ.' ನನ್ನ ತಕರಾರಿನ ತಿರುಳು ಇದೇ. ಪಿ0301 ಅನ್ನೋ ಕೋಡ್ 'ಒಂದನೇ ಸಿಲಿಂಡರಿನಲ್ಲಿ ಮಿಸ್‌ಫೈರ್' ಅನ್ನುತ್ತೆ, ಕಂಡದ್ದನ್ನ ಹೇಳಿ ಸುಮ್ಮನಾಗುತ್ತೆ. ಪಿ0ಎ80 ಕಂಡದ್ದನ್ನ ನುಂಗಿಕೊಂಡು ಔಷಧಿ ಬರೆದುಕೊಡುತ್ತೆ. ಕಂಡದ್ದೇನು? ಬ್ಲಾಕುಗಳ ನಡುವೆ ವೋಲ್ಟೇಜ್ ವ್ಯತ್ಯಾಸ ಮಿತಿ ಮೀರಿದೆ, ಅಷ್ಟೇ. ಅದಕ್ಕೆ ಸೆಲ್ ಸತ್ತಿರಬಹುದು, ಮಾಡ್ಯೂಲ್ ಜೋಡಿಸೋ ತಾಮ್ರದ ಪಟ್ಟಿಗೆ ಕಿಲುಬು ಹಿಡಿದಿರಬಹುದು, ವೋಲ್ಟೇಜ್ ಅಳೆಯೋ ತಂತಿ ತಿಂದುಹೋಗಿರಬಹುದು. ನಮ್ಮ ಆಫೀಸಿನಲ್ಲಿ 'ಸರ್ವರ್ ಬದಲಿಸಿ' ಅಂತ ಎರರ್ ಮೆಸೇಜ್ ಬರೆದರೆ ಕೋಡ್ ರಿವ್ಯೂನಲ್ಲೇ ವಾಪಸ್ ಕಳಿಸ್ತಾರೆ.

ನಮ್ಮೂರ ಪಂಪ್‌ಸೆಟ್ ಸ್ಟಾರ್ಟರ್ ಪೆಟ್ಟಿಗೆ ನೋಡಿದ್ದೀರಲ್ಲ, ಕೆಂಪು, ಹಳದಿ, ನೀಲಿ ಮೂರು ಪುಟ್ಟ ದೀಪ. ಹಳದಿ ಆರಿದ್ದರೆ ಹಳದಿ ಫೇಸ್ ಇಲ್ಲ ಅಂತ ಶಾಲೆ ಮೆಟ್ಟಿಲು ಹತ್ತದ ರೈತನಿಗೂ ಗೊತ್ತು. ಆ ಸ್ಥಿತೀಲಿ ಮೋಟಾರ್ ಹಾಕಿದರೆ ಸುಟ್ಟುಹೋಗುತ್ತೆ ಅಂತ ಅವನು ಕೈ ಕಟ್ಟಿ ಕಾಯ್ತಾನೆ. ಏನು ತಪ್ಪಿದೆ, ಎಲ್ಲಿ ತಪ್ಪಿದೆ, ಎರಡೂ ಒಂದೇ ನೋಟಕ್ಕೆ. ತೀರ್ಮಾನ ಅವನಿಗೇ ಬಿಟ್ಟದ್ದು.

ತಯಾರಕರ ಕಡೆಯಿಂದಲೂ ಒಂದು ಮಾತಿದೆ, ಅದನ್ನ ತಳ್ಳಿಹಾಕೋಕಾಗಲ್ಲ. ಹೈವೇಯಲ್ಲಿ ಓಡಿಸ್ತಿರೋನಿಗೆ 14 ಅಂಕಿ ತೋರಿಸಿ ಪ್ರಯೋಜನವಿಲ್ಲ, ಅವನಿಗೆ ಬೇಕಾದ್ದು 'ನಿಲ್ಲಿಸು' ಅನ್ನೋ ಒಂದೇ ಸಂದೇಶ. 200 ವೋಲ್ಟಿನ ಡಿಸಿ ಕರೆಂಟು ಪ್ರಾಣ ತೆಗೆಯುತ್ತೆ, ಅರ್ಧ ತಿಳಿದೋರು ಕಿತ್ತಳೆ ಕೇಬಲ್ಲಿಗೆ ಕೈ ಹಾಕಬಾರದು ಅನ್ನೋ ಭಯವೂ ನ್ಯಾಯವೇ. ಒಪ್ಪಿದೆ. ಆದರೆ ನಿಂತ ಕಾರಿನಲ್ಲಿ, ಅದೇ ಪರದೆ ಮೇಲೆ, 'ಏಳನೇ ಬ್ಲಾಕ್ ಕಮ್ಮಿ' ಅಂತ ತೋರಿಸೋಕೆ ಏನು ಅಡ್ಡಿ? ಓದೋದು ಬೇರೆ, ಬಿಚ್ಚೋದು ಬೇರೆ. ಅಮೆರಿಕದಲ್ಲಿ 1996ರ ಮಾಡೆಲಿನಿಂದ ಕಡ್ಡಾಯವಾದ ಓಬಿಡಿ-2 ಕೂಡ ಹೊಗೆ ಮಾಲಿನ್ಯದ ಮೇಲೆ ಕಣ್ಣಿಟ್ಟ ನಿಯಮ. ಬ್ಲಾಕ್ ವೋಲ್ಟೇಜ್ ಅದರ ಸಾಮಾನ್ಯ ಪಟ್ಟಿಯಲ್ಲಿಲ್ಲ, ಅಗ್ಗದ ರೀಡರಿಗೆ ಸಿಗೋದೂ ಇಲ್ಲ.

ಈ ಮೌನದ ಲಾಭ ಯಾರಿಗೆ? ಒಂದು ಕಡೆ ಕೋಡ್ ಓದಿದ ಕೂಡಲೇ ಇಡೀ ಪ್ಯಾಕ್ ಬದಲಿಸಿ ಅನ್ನೋ ಗ್ಯಾರೇಜು. ಇನ್ನೊಂದು ಕಡೆ ಸತ್ತ ಒಂದು ಮಾಡ್ಯೂಲ್ ಮಾತ್ರ ಹಾಕಿ ಕೈತೊಳೆಯೋರು. ಜೊತೇಲಿ ಹುಟ್ಟಿದ ಉಳಿದ 27ಕ್ಕೂ ಅಷ್ಟೇ ವಯಸ್ಸಾಗಿರುತ್ತೆ, ಇವತ್ತು ಇದು, ನಾಳೆ ಅದರ ಪಕ್ಕದ್ದು. ಮೂರನೆಯವನು ಮಾರೋ ಹಿಂದಿನ ದಿನ ಕೋಡ್ ಅಳಿಸಿ ದೀಪ ಆರಿಸೋನು.

ಅದಕ್ಕೇ ಹಳೇ ಹೈಬ್ರಿಡ್ ಕೊಳ್ಳೋ ಮುಂಚೆ ಇಷ್ಟಾದರೂ ನೋಡಿ. ಕಾರು ಆನ್ ಮಾಡಿದಾಗ ಎಚ್ಚರಿಕೆ ದೀಪಗಳೆಲ್ಲ ಒಮ್ಮೆ ಹತ್ತಿ ಆರಬೇಕು. ಹತ್ತದೇ ಇದ್ದರೆ ಯಾರೋ ಕೈಯಾಡಿಸಿದ್ದಾರೆ. ರೀಡರಿನಲ್ಲಿ ರೆಡಿನೆಸ್ ಪರೀಕ್ಷೆಗಳು 'ಅಪೂರ್ಣ' ಅಂತಿದ್ದರೆ ಕೋಡ್ ಅಳಿಸಿಯೋ, ಬ್ಯಾಟರಿ ತಂತಿ ಬಿಚ್ಚಿಯೋ ಹೆಚ್ಚು ದಿನ ಆಗಿಲ್ಲ. ಹಿಂದಿನ ಸೀಟಿನ ಪಕ್ಕದ ಗಾಳಿ ಜಾಲರಿಯಲ್ಲಿ ನಾಯಿಕೂದಲು, ಧೂಳು ಕಟ್ಟಿದ್ದರೆ ಬ್ಯಾಟರಿ ಬಿಸಿಯಲ್ಲೇ ಬದುಕಿದೆ. ಕೊನೆಗೆ, ಪ್ರಿಯಸ್ ಭಾಷೆ ಗೊತ್ತಿರೋ ಫೋನ್ ಆ್ಯಪ್ ಹಾಕಿ 14 ಬ್ಲಾಕನ್ನೂ ಓಡಿಸುವಾಗಲೇ ನೋಡಿ. ನಿಂತಾಗ ಎಲ್ಲವೂ ಸಮ ಕಾಣುತ್ತವೆ. ದಿಬ್ಬ ಹತ್ತುವಾಗ ಉಳಿದವಕ್ಕಿಂತ ಕುಸಿದು, ಬ್ರೇಕ್ ಹಿಡಿದಾಗ ಉಳಿದವಕ್ಕಿಂತ ಮೇಲೇಳೋ ಬ್ಲಾಕೇ ಸೊರಗಿದ್ದು.

ಓಡಿಸುವಾಗ ನೀವು ರಸ್ತೆ ನೋಡಿ, ಅಂಕಿ ನೋಡೋಕೆ ಪಕ್ಕದಲ್ಲೊಬ್ಬ ಸ್ನೇಹಿತ ಇರಲಿ. ಕಾರು ತಾನಾಗಿ ಬಾಯಿ ಬಿಡೋವರೆಗೆ ಆ ಉಳಿದರ್ಧ ಮಾತನ್ನ ನಾವೇ ಹೀಗೆ ಕೇಳಿ ತಿಳ್ಕೋಬೇಕು.