ಪೂರ್ವಾನುಮತಿ ಇಲ್ಲದೆ ಹಚ್ಚತಕ್ಕದ್ದಲ್ಲ

“ವಸತಿ ನಿಲಯದ ಆವರಣದಲ್ಲಿ ಪೂರ್ವಾನುಮತಿ ಇಲ್ಲದೆ ಯಾವುದೇ ರೀತಿಯ ಭಿತ್ತಿಪತ್ರ, ಕರಪತ್ರ ಇತ್ಯಾದಿಗಳನ್ನು ಅಂಟಿಸುವುದಾಗಲಿ, ಹಂಚುವುದಾಗಲಿ, ಕೊಠಡಿಗಳಿಗೆ ತೆರಳಿ ಪ್ರಚಾರ ಮಾಡುವುದಾಗಲಿ ಮಾಡತಕ್ಕದ್ದಲ್ಲ. ತಪ್ಪಿದಲ್ಲಿ ಸೂಕ್ತ ಕ್ರಮ ಕೈಗೊಳ್ಳಲಾಗುವುದು.”

ಸಿನಿಮಾ, ಪುಸ್ತಕ ಬಿಟ್ಟು ಈ ವಾರ ಇದನ್ನೇ ವಿಮರ್ಶೆಗೆ ಎತ್ತಿಕೊಂಡಿದ್ದೀನಿ. ಇದೂ ಒಂದು ಪಠ್ಯವೇ ತಾನೆ? ನಮ್ಮ ಎಷ್ಟೋ ಕಾದಂಬರಿಗಳಿಗಿಂತ ಹೆಚ್ಚು ಜನ ಇದನ್ನು ದಿನಾ ಓದ್ತಾರೆ, ಊಟದ ಸಾಲಲ್ಲಿ ತಟ್ಟೆ ಹಿಡ್ಕೊಂಡು ನಿಂತಾಗ. ಬರೆದವರ ಹೆಸರಿಲ್ಲ, ತಾರೀಖಿಲ್ಲ, ಕೆಳಗೊಂದು ನೇರಳೆ ಸೀಲು ಮಾತ್ರ. ಧಾರವಾಡದ ಒಂದು ಹಾಸ್ಟೆಲಿನದು. ಯಾವುದು ಅಂತ ಹೇಳಲ್ಲ, ಹೇಳಬೇಕಾಗೂ ಇಲ್ಲ. ನೀವು ಓದಿದ ಹಾಸ್ಟೆಲಿನಲ್ಲೂ ಹೆಚ್ಚೂಕಮ್ಮಿ ಇವೇ ಎರಡು ವಾಕ್ಯ ಇದ್ದಿರುತ್ತವೆ. ನಮ್ಮ ಅಕ್ಕನ ಮಗಳು ಮುಂಡಗೋಡಿನಿಂದ ಅಲ್ಲಿಗೆ ಹೋಗಿ ಎಂ.ಎ. ಓದುತ್ತಿದ್ದಾಳೆ. ಫೋಟೋ ಕಳಿಸಿದವಳು ಅವಳೇ.

ಮೊದಲು ಭಾಷೆ ನೋಡೋಣ. ‘ಪೂರ್ವಾನುಮತಿ’ ಯಾರದು? ವಾರ್ಡನ್‌ದೋ, ಪ್ರಿನ್ಸಿಪಾಲರದೋ, ರಿಜಿಸ್ಟ್ರಾರರದೋ? ಎಷ್ಟು ದಿನ ಮುಂಚೆ ಕೇಳಬೇಕು? ಕೊಡಲ್ಲ ಅಂದ್ರೆ ಕಾರಣ ಹೇಳ್ತಾರಾ? ‘ಇತ್ಯಾದಿ’ಯಲ್ಲಿ ಏನೇನು ಬರುತ್ತೆ? ಕಳೆದುಹೋದ ಐಡಿ ಕಾರ್ಡಿಗೆ ಬರೆದ ಚೀಟಿಯೂ ಬರುತ್ತಾ? ಇನ್ನು ‘ಕೈಗೊಳ್ಳಲಾಗುವುದು’. ಕನ್ನಡದ ಆಡಳಿತ ಭಾಷೆಯಲ್ಲಿ ಕರ್ತೃವನ್ನು ಬಚ್ಚಿಡೋಕೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಕ್ರಮ ತಾನಾಗೇ ಬಂದು ಕೂರುತ್ತೆ, ಯಾರೂ ಅದನ್ನು ಕೈಗೊಳ್ಳಲ್ಲ. ‘ಸೂಕ್ತ’ ಅಂದ್ರೆ ಐವತ್ತು ರೂಪಾಯಿ ದಂಡವೋ, ಸೀಟು ಕಳಕೊಳ್ಳೋದೋ, ಅದೂ ಗೊತ್ತಿಲ್ಲ. ಇಪ್ಪತ್ತೊಂದು ವರ್ಷದ ಹುಡುಗಿಗೆ ಆ ‘ಗೊತ್ತಿಲ್ಲ’ ಅನ್ನೋದೇ ಸಾಕು. ಊರಿಗೆ ಫೋನ್ ಹೋದರೆ ಏನಾಗುತ್ತೆ ಅಂತ ಅವಳಿಗೆ ಗೊತ್ತಿರುತ್ತಲ್ಲ.

ನಡೆದದ್ದು ಇಷ್ಟು. ಎರಡನೇ ಮಹಡಿಗೆ ಬೆಳಿಗ್ಗೆ ಏಳರ ಮೇಲೆ ನೀರು ಬರುತ್ತಿರಲಿಲ್ಲ. ಮೂರ್ನಾಲ್ಕು ಹುಡುಗಿಯರು ಸೇರಿ ನೋಟ್‌ಬುಕ್ಕಿನ ಹಾಳೆ ಹರಿದು, ‘ನೀರಿನ ಬಗ್ಗೆ ಮಾತಾಡೋಣ, ಭಾನುವಾರ ಮಧ್ಯಾಹ್ನ ಊಟ ಆದ ಮೇಲೆ ಮೆಸ್ಸಿನಲ್ಲೇ ಕೂಡೋಣ’ ಅಂತ ಸ್ಕೆಚ್ ಪೆನ್ನಿನಲ್ಲಿ ಬರೆದು ಬೋರ್ಡಿಗೆ ಹಚ್ಚಿದರು. ಮಧ್ಯಾಹ್ನದೊಳಗೆ ಹಾಳೆ ಮಾಯ. ಅವಳ ಮಾತಲ್ಲೇ ಹೇಳೋದಾದ್ರೆ: “ಮಾಮಾ, ನಮ್ಮ ಹಾಳಿ ಅಷ್ಟ ಹರದ್ರು. ಬಾಜೂಕ ಕೋಚಿಂಗ್ ಸೆಂಟರ್ದು ಹಾಂಗ ಐತಿ, ಎರಡು ತಿಂಗಳಾತು.”

ಫೋಟೋ ದೊಡ್ಡದು ಮಾಡಿ ನೋಡಿದೆ. ಎಫ್‌ಡಿಎ, ಪಿಎಸ್‌ಐ ಪರೀಕ್ಷೆಯ ಕೋಚಿಂಗ್ ಪೋಸ್ಟರ್ ಎರಡು, ಬಣ್ಣದ ಆರ್ಟ್ ಪೇಪರಿನವು. ಹಳೇ ಲ್ಯಾಪ್‌ಟಾಪ್ ಮಾರುವವರದ್ದೊಂದು. ಸ್ಪೋಕನ್ ಇಂಗ್ಲಿಷಿನದ್ದೊಂದು, ಅದರ ಮೂಲೆ ನಿಯಮದ ಹಾಳೆಯ ಮೇಲೇ ಹತ್ತಿ ಕೂತಿದೆ. ಸೀಲು ಇರೋದು ನಿಯಮದ ಹಾಳೆಗೊಂದಕ್ಕೇ. ಇವರೆಲ್ಲ ಪೂರ್ವಾನುಮತಿ ತಗೊಂಡಿದ್ದಾರಾ? ತಗೊಂಡೂ ಇರಬಹುದು. ಅಂಥವರಿಗೆ ಆಫೀಸಿನ ದಾರಿ ಗೊತ್ತಿರುತ್ತೆ, ಹೊಸ ವರ್ಷಕ್ಕೆ ಕ್ಯಾಲೆಂಡರ್ ಕೊಟ್ಟು ಹೋಗಿರ್ತಾರೆ, ಅವರ ಹಾಳೆಯಿಂದ ಯಾರಿಗೂ ತಲೆನೋವಿಲ್ಲ. ನೀರು ಬರ್ತಿಲ್ಲ ಅನ್ನೋ ಹಾಳೆಯಿಂದ ತಲೆನೋವಿದೆ. ನಿಯಮದ ಮಾತು ಎಲ್ಲರಿಗೂ ಒಂದೇ, ಕತ್ತರಿ ಬಿದ್ದದ್ದು ಮಾತ್ರ ಅಲ್ಲೇ ಮಲಗಿ ಏಳೋರ ಹಾಳೆಗೆ.

ಹಾಗಂತ ನಿಯಮವೇ ಬೇಡ ಅಂತ ನಾನು ವಾದ ಮಾಡಲ್ಲ. ಹಾಸ್ಟೆಲ್ ಖೋಲಿ ಅಂದ್ರೆ ಮನೆ. ಬಾಗಿಲು ತಟ್ಟಿಸಿಕೊಳ್ಳದೆ ಇರೋ ಹಕ್ಕು ಅಲ್ಲಿರೋರಿಗೆ ಇದೆ. ನಾನು ಹುಬ್ಬಳ್ಳಿಯಲ್ಲಿ ಓದುವಾಗ ನಮ್ಮ ಹಾಸ್ಟೆಲಿಗೆ ಟೈ ಕಟ್ಟಿಕೊಂಡ ಅಣ್ಣಂದಿರು ರಾತ್ರಿ ಹತ್ತಕ್ಕೆ ಬರುತ್ತಿದ್ದರು. “ತಮ್ಮಾ, ಸುಮ್ನ ಒಂದು ಸೆಮಿನಾರಿಗೆ ಬಾ” ಅಂತ ಮಂಚದ ಮೇಲೆ ಕೂತು ಬಿಡೋರು. ಚೈನ್ ಮಾರ್ಕೆಟಿಂಗ್. ನನ್ನ ರೂಮ್‌ಮೇಟ್‌ನ ಒಂದು ವರ್ಷದ ಸ್ಕಾಲರ್‌ಶಿಪ್ ದುಡ್ಡು ಹಾಗೆ ಹೋಯ್ತು, ಬದಲಿಗೆ ಬಂದದ್ದು ಒಂದು ಪೆಟ್ಟಿಗೆ ಸೋಪು, ಟೂತ್‌ಪೇಸ್ಟು. ಅವನ ಅಪ್ಪ ಕೂಲಿಯವರು. ವಾರ್ಡನ್‌ಗೆ ಇದೆಲ್ಲ ಗೊತ್ತಿತ್ತು, ಗೋಡೆ ಮೇಲೆ ನಿಯಮವೂ ಇತ್ತು.

ಇದೇ ಥರದ್ದೊಂದು ಕೇಸು ಅಮೆರಿಕದಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಗಿದೆ. 1982ರ ಅಕ್ಟೋಬರಿನಲ್ಲಿ ನ್ಯೂಯಾರ್ಕ್ ರಾಜ್ಯ ವಿಶ್ವವಿದ್ಯಾಲಯದ ಕಾರ್ಟ್‌ಲ್ಯಾಂಡ್ ಕ್ಯಾಂಪಸ್ಸಿನ ಹಾಸ್ಟೆಲ್ ಕೋಣೆಯಲ್ಲಿ ಪಾತ್ರೆ-ಪಿಂಗಾಣಿ ಮಾರುವ ಕಂಪನಿಯ ಪ್ರತಿನಿಧಿ ಹುಡುಗರನ್ನು ಕೂರಿಸಿಕೊಂಡು ಡೆಮೋ ಕೊಡುತ್ತಿದ್ದಳು. ಕ್ಯಾಂಪಸ್ ಪೊಲೀಸರು ಹೊರಗೆ ಹೋಗು ಅಂದರು, ಹೋಗಲಿಲ್ಲ, ಬಂಧಿಸಿದರು. ವಿದ್ಯಾರ್ಥಿಗಳೇ ಕೋರ್ಟಿಗೆ ಹೋದರು: ನಮ್ಮ ಕೋಣೆಗೆ ನಾವು ಕರೆದವರು, ಅವರ ಮಾತು ಕೇಳೋದು ನಮ್ಮ ಹಕ್ಕಲ್ವಾ? 1989ರಲ್ಲಿ ಬಂದ ತೀರ್ಪು ಹೇಳಿದ್ದೇನಂದ್ರೆ, ವ್ಯಾಪಾರದ ಮಾತಿಗೆ ಕಡಿವಾಣ ಹಾಕುವಾಗ ನಿಯಮ ತನ್ನ ಉದ್ದೇಶಕ್ಕೆ ಸಮಂಜಸವಾಗಿ ಹೊಂದಿದರೆ ಸಾಕು, ಅತ್ಯಂತ ಸಡಿಲವಾದ ನಿಯಮವೇ ಆಗಬೇಕಂತಿಲ್ಲ. ಆದರೆ ಅದೇ ನಿಯಮ ವ್ಯಾಪಾರವಲ್ಲದ ಮಾತನ್ನೂ ಅಮುಕುತ್ತಿದೆಯಾ ನೋಡಿ ಅಂತ ಕೆಳಗಿನ ಕೋರ್ಟಿಗೆ ವಾಪಸ್ ಕಳಿಸಿತು. ನಮ್ಮಲ್ಲೂ ಜಾಹೀರಾತಿಗೆ ವಾಕ್ ಸ್ವಾತಂತ್ರ್ಯದ ರಕ್ಷಣೆ ಇದೆ, 1995ರ ಟಾಟಾ ಪ್ರೆಸ್ ತೀರ್ಪಿನಿಂದ. ಆದರೆ ಜಾಹೀರಾತಿಗೆ ಜಾಗ ಇದ್ದು ದೂರಿಗೆ ಜಾಗ ಇಲ್ಲ ಅಂತ ಯಾವ ಕೋರ್ಟೂ ಹೇಳಿಲ್ಲ. ಅದನ್ನು ಹೇಳಿರೋದು ಬೋರ್ಡು.

ಕರ್ನಾಟಕದ ಕತೆಗೆ ಇನ್ನೊಂದು ತಿರುವಿದೆ. ವಿದ್ಯಾರ್ಥಿ ಪೋಸ್ಟರುಗಳ ಬಗ್ಗೆ ದೇಶದಲ್ಲಿ ಇರೋ ಗಂಭೀರ ನಿಯಮ ಅಂದ್ರೆ ಲಿಂಗ್ಡೋ ಸಮಿತಿಯದು. ಮಾಜಿ ಮುಖ್ಯ ಚುನಾವಣಾ ಆಯುಕ್ತ ಜೆ.ಎಂ. ಲಿಂಗ್ಡೋ ಅವರ ಶಿಫಾರಸುಗಳನ್ನು ಸುಪ್ರೀಂ ಕೋರ್ಟು 2006ರ ಸೆಪ್ಟೆಂಬರಿನಲ್ಲಿ ಜಾರಿ ಮಾಡಿಸಿತು. ಅಚ್ಚು ಹಾಕಿಸಿದ ಪೋಸ್ಟರು, ಪಾಂಪ್ಲೆಟ್ ಬೇಡ, ಕೈಯಲ್ಲಿ ಮಾಡಿದ ಪೋಸ್ಟರು ಮಾತ್ರ, ಅದೂ ಮೊದಲೇ ಗೊತ್ತುಮಾಡಿದ ಜಾಗಗಳಲ್ಲಿ ಮಾತ್ರ. ಒಬ್ಬ ಅಭ್ಯರ್ಥಿಗೆ ಖರ್ಚಿನ ಮಿತಿ 5,000 ರೂಪಾಯಿ. ಪ್ರಚಾರಕ್ಕೆ ಧ್ವನಿವರ್ಧಕ, ವಾಹನ, ಪ್ರಾಣಿ ಬಳಸುವಂತಿಲ್ಲ. (ಪ್ರಾಣಿ ಅಂತ ಬರೆಯಬೇಕಾಗಿ ಬಂದಿದೆ ಅಂದ್ರೆ ಎಲ್ಲೋ ಯಾರೋ ಕುದುರೆಯನ್ನೋ ಆನೆಯನ್ನೋ ಕ್ಯಾಂಪಸ್ಸಿಗೆ ತಂದಿರಬೇಕು.) ಇದನ್ನು ಓದಿದರೆ ಒಂದು ತರ್ಕ ಕಾಣುತ್ತೆ: ದುಡ್ಡಿದ್ದವನ ಅಚ್ಚಿಗಿಂತ ದುಡ್ಡಿಲ್ಲದವಳ ಕೈಬರಹಕ್ಕೆ ಜಾಗ ಇರಲಿ. ನಮ್ಮ ಹಾಸ್ಟೆಲ್ ಬೋರ್ಡಿನಲ್ಲಿ ಆಗಿರೋದು ಇದರ ಸರೀ ಉಲ್ಟಾ.

ಲಿಂಗ್ಡೋ ಬರೆದದ್ದು ಚುನಾವಣೆಗೆ. ಕರ್ನಾಟಕದಲ್ಲಿ ವಿದ್ಯಾರ್ಥಿ ಸಂಘಗಳ ಚುನಾವಣೆಯನ್ನು ಗಲಾಟೆ, ಹೊಡೆದಾಟದ ಕಾರಣ ಕೊಟ್ಟು ನಿಲ್ಲಿಸಿದ್ದು 1989-90ರ ಸುಮಾರಿಗೆ. ಅದೇ 1989ರ ಮಾರ್ಚಿನಲ್ಲಿ ಸಂವಿಧಾನದ 61ನೇ ತಿದ್ದುಪಡಿ ಜಾರಿಗೆ ಬಂದು ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದಿತ್ತು. ಲೋಕಸಭೆಗೆ ವೋಟು ಹಾಕು, ಮೆಸ್ ಕಮಿಟಿಗೆ ಬೇಡ ಅಂದಂಗಾಯ್ತು. ಚುನಾವಣೆ ಹೋಯ್ತು, ಪ್ರಚಾರ ಮಾಡತಕ್ಕದ್ದಲ್ಲ ಅನ್ನೋ ವಾಕ್ಯ ಮಾತ್ರ ಗೋಡೆ ಮೇಲೆ ಉಳೀತು. ಯಾವ ಪ್ರಚಾರ ಅಂತ ಈಗಿನ ಹುಡುಗಿಯರು ಕೇಳಿದರೆ ವಾರ್ಡನ್‌ಗೂ ಉತ್ತರ ಗೊತ್ತಿರಲಿಕ್ಕಿಲ್ಲ.

ಇನ್ನೊಂದು ತುದಿ ದೆಹಲಿ. ದೆಹಲಿ ವಿಶ್ವವಿದ್ಯಾಲಯದ ಸಂಘಕ್ಕೆ 2024ರ ಸೆಪ್ಟೆಂಬರ್ 27ರಂದು ಮತದಾನ ನಡೆದರೂ, ಅಭ್ಯರ್ಥಿಗಳು ಊರಿನ ಗೋಡೆಗಳನ್ನೆಲ್ಲ ಪೋಸ್ಟರಿನಿಂದ ಹಾಳು ಮಾಡಿದ್ದಾರೆ, ಮೊದಲು ತೊಳೀರಿ ಅಂತ ಹೈಕೋರ್ಟು ಎಣಿಕೆಯನ್ನೇ ತಡೆಹಿಡಿಯಿತು. ಫಲಿತಾಂಶ ಬಂದದ್ದು ನವೆಂಬರ್ 25ಕ್ಕೆ. ಅಂಥ ಗೋಡೆ ನಮಗೂ ಬೇಕು ಅಂತ ನಾನು ಹೇಳ್ತಿಲ್ಲ. ಆದರೆ ಅಲ್ಲಿ ಸಮಸ್ಯೆ ಹಚ್ಚೋರು ಜಾಸ್ತಿ ಆಗಿರೋದು. ನಮ್ಮಲ್ಲಿ ಹುಡುಗರೇ ಇಲ್ಲದ, ಬರೀ ಕೋಚಿಂಗ್ ಸೆಂಟರ್ ಇರೋ ಗೋಡೆ. ಎರಡಕ್ಕೂ ಒಂದೇ ಔಷಧಿ ಆಗಲ್ಲ.

ನಮ್ಮೂರಿನ ಒಂದು ವಿಷಯ ಇಲ್ಲಿ ಹೇಳಲೇಬೇಕು. ಮುಂಡಗೋಡ ಅಂದ ಕೂಡಲೇ ಬೆಂಗಳೂರಿನ ಗೆಳೆಯರು ಟಿಬೆಟಿಯನ್ ಕ್ಯಾಂಪ್, ಮೊಮೊ ಅಂತಾರೆ. 1966ರಿಂದ ಇರೋ ವಸತಿ ಅದು. ಗಾಡೆನ್, ಡ್ರೆಪುಂಗ್ ಅನ್ನೋ ದೊಡ್ಡ ಮಠಗಳು ಅಲ್ಲಿವೆ. ಅವು ವರ್ಷಗಟ್ಟಲೆ ಅಲ್ಲೇ ಉಳಿದು ಓದುವ ವಿದ್ಯಾಪೀಠಗಳೂ ಹೌದು. ದೇಶ ಬಿಟ್ಟು ಬಂದ ಆ ಜನ 2021ರಲ್ಲಿ ತಮ್ಮ ನಿರಾಶ್ರಿತ ಸರಕಾರದ ಮುಖ್ಯಸ್ಥನನ್ನು, ಸಂಸತ್ತನ್ನು ಎರಡು ಸುತ್ತಿನಲ್ಲಿ ಆರಿಸಿದರು. ಸಂಸತ್ತಿಗೆ ಭಿಕ್ಷುಗಳಿಗೆ ಎರಡು ಮತ: ಒಂದು ಪ್ರಾಂತಕ್ಕೆ, ಇನ್ನೊಂದು ತಮ್ಮ ಪಂಥಕ್ಕೆ. ಅದೇ ತಾಲೂಕಿನಿಂದ ಹುಬ್ಬಳ್ಳಿ ಬಸ್ಸು ಹತ್ತಿ ಹೋದ ನಮ್ಮ ಹುಡುಗಿಗೆ ನೀರಿನ ಬಗ್ಗೆ ಒಂದು ಹಾಳೆ ಹಚ್ಚಲಿಕ್ಕೆ ಬರಲ್ಲ.

ಇದು ಬರೀ ತತ್ವದ ಮಾತಲ್ಲ. ಮುಂಡಗೋಡ, ಯಲ್ಲಾಪುರ, ಹಳಿಯಾಳ ಕಡೆಯ ಹಳ್ಳಿಗಳಿಂದ, ಗೌಳಿ ದೊಡ್ಡಿಗಳಿಂದ, ತಾಂಡಾಗಳಿಂದ, ಸಿದ್ದಿ ಕೇರಿಗಳಿಂದ ಹಾಸ್ಟೆಲಿಗೆ ಬರೋ ಮಕ್ಕಳಿಗೆ ಆ ಬೋರ್ಡೇ ಪೇಪರು, ಅದೇ ರೇಡಿಯೋ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿ ಸೇರಿದ್ದು 2003ರಲ್ಲಿ. ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ತಲೆಮಾರು ಎಷ್ಟೋ ಕಡೆ ಈಗಷ್ಟೇ. ಯಾವ ಸ್ಕಾಲರ್‌ಶಿಪ್ಪಿಗೆ ಯಾವ ತಾರೀಖು ಕೊನೆ, ಜಾತಿ ಪ್ರಮಾಣಪತ್ರ ಎಲ್ಲಿ ಮಾಡಿಸೋದು, ಹಾಸ್ಟೆಲ್ ಸೀಟು ಸಿಗದ ತಮ್ಮನಿಗೆ ವಿದ್ಯಾಸಿರಿ ಬರುತ್ತಾ (ಶುರುವಾದಾಗ ತಿಂಗಳಿಗೆ 1,500 ರೂಪಾಯಿ ಇತ್ತು), ಇದನ್ನೆಲ್ಲ ಹೇಳಿಕೊಡೋದು ಒಬ್ಬ ಸೀನಿಯರ್ ಬರೆದು ಹಚ್ಚಿದ ಹಾಳೆ. ‘ಇತ್ಯಾದಿ’ ಅನ್ನೋ ಪದ ಅದನ್ನೂ ನುಂಗುತ್ತೆ. ರ‍್ಯಾಗಿಂಗ್ ತಡೆಯ ಪೋಸ್ಟರು ಹಾಕಲೇಬೇಕು ಅಂತ ಯುಜಿಸಿಯ 2009ರ ನಿಯಮ ಹೇಳುತ್ತೆ, ಹಾಗಾಗಿ ಅದು ಇರುತ್ತೆ, ಬಿಸಿಲಿಗೆ ಬಿಳಿಚಿಕೊಂಡು. ಗೋಡೆ ಮೇಲಿನ ಮಾತು ಜೀವ ಉಳಿಸಬಲ್ಲದು ಅಂತ ಅಷ್ಟರಮಟ್ಟಿಗೆ ಅವರೂ ಒಪ್ಪಿದ್ದಾರೆ.

“ಗೋಡೆ ಯಾಕ್ರೀ, ವಾಟ್ಸಾಪ್ ಇಲ್ವಾ?” ಅಂತ ನೀವು ಕೇಳ್ತೀರಿ, ಗೊತ್ತು. ಇದೆ. ಹಾಸ್ಟೆಲಿನ ಗುಂಪನ್ನು ಮಾಡಿದ್ದು ಆಫೀಸಿನವರು, ಅಡ್ಮಿನ್ ಮಾತ್ರ ಮೆಸೇಜ್ ಹಾಕಬಹುದು. ಗೋಡೆಯ ನಿಯಮವೇ ಅಲ್ಲಿ ಸೆಟ್ಟಿಂಗ್ ಆಗಿ ಕೂತಿದೆ. ಹುಡುಗಿಯರದೇ ಬೇರೆ ಗುಂಪಿದೆ, ಆದರೆ ಅದರಲ್ಲಿ ಮೊದಲೇ ಪರಿಚಯ ಇರೋರು ಇರ್ತಾರೆ. ಮೊನ್ನೆ ಬಂದು ಸೇರಿದ, ಯಾರ ನಂಬರೂ ಇಲ್ಲದ ಹುಡುಗಿಯ ಕಣ್ಣಿಗೆ ಬೀಳೋದು ಗೋಡೆ. ನೀವಿರೋ ಅಪಾರ್ಟ್‌ಮೆಂಟನ್ನೇ ನೋಡಿ. ಲಿಫ್ಟಿನಲ್ಲಿ ಪ್ರಿಸ್ಕೂಲ್, ಡೆಂಟಲ್ ಕ್ಲಿನಿಕ್ ಜಾಹೀರಾತಿಗೆ ಅಸೋಸಿಯೇಷನ್ ದುಡ್ಡು ತಗೊಳ್ಳುತ್ತೆ. ಅದೇ ಲಿಫ್ಟಿನಲ್ಲಿ ‘ಮೇಂಟೆನೆನ್ಸ್ ಲೆಕ್ಕ ಕೊಡಿ’ ಅಂತ ಒಂದು ಚೀಟಿ ಅಂಟಿಸಿ ನೋಡಿ, ಸಂಜೆವರೆಗೆ ಇರುತ್ತಾ ಅಂತ.

ವಿಮರ್ಶಕ ಬರೀ ತೆಗಳಬಾರದಂತೆ, ತಿದ್ದಿಯೂ ತೋರಿಸಬೇಕಂತೆ. ನನ್ನ ಕರಡು ಹೀಗಿದೆ, ‘ತಕ್ಕದ್ದು’ ಇಲ್ಲದೆ:

“ಈ ಹಾಸ್ಟೆಲಿನಲ್ಲಿ ಇರುವವರು ಈ ಬೋರ್ಡಿನ ಎಡಭಾಗದಲ್ಲಿ ಯಾರನ್ನೂ ಕೇಳದೆ ಹಾಳೆ ಹಚ್ಚಬಹುದು. ಕೆಳಗೆ ನಿಮ್ಮ ಹೆಸರು, ಖೋಲಿ ನಂಬರು, ಹಚ್ಚಿದ ತಾರೀಖು ಬರೆಯಿರಿ. ಹತ್ತು ದಿನ ಆದಮೇಲೆ ನೀವೇ ತೆಗೆಯಿರಿ. ಒಬ್ಬರನ್ನು ಹೆಸರಿಟ್ಟು ಹಳಿಯುವ, ಬೆದರಿಸುವ ಹಾಳೆಯನ್ನು ವಾರ್ಡನ್ ತೆಗೆಯುತ್ತಾರೆ, ತೆಗೆದ ಕಾರಣವನ್ನು ಅದೇ ಜಾಗದಲ್ಲಿ ಬರೆದು ಸಹಿ ಮಾಡುತ್ತಾರೆ. ಹೊರಗಿನವರ ಜಾಹೀರಾತು ಬಲಭಾಗದಲ್ಲಿ, ಆಫೀಸಿನ ಸೀಲು ಇದ್ದರೆ ಮಾತ್ರ. ಮಾರಲಿಕ್ಕೆ, ಸೇರಿಸಿಕೊಳ್ಳಲಿಕ್ಕೆ, ವೋಟು ಕೇಳಲಿಕ್ಕೆ ಹೊರಗಿನವರು ಖೋಲಿಯ ಬಾಗಿಲು ತಟ್ಟುವಂತಿಲ್ಲ. ಒಳಗಿನವರು ರಾತ್ರಿ ಎಂಟರವರೆಗೆ ತಟ್ಟಬಹುದು, ಬೇಡ ಅಂದರೆ ಹೊರಡಬೇಕು.”

ಹೆಸರು ಬರೆಯಿರಿ ಅನ್ನೋದಕ್ಕೆ ನನ್ನ ಅಕ್ಕನ ಮಗಳದ್ದೇ ತಕರಾರಿದೆ. “ಹೆಸರು ಬರದ್ರ ಯಾರೂ ಹಚ್ಚಂಗಿಲ್ಲ” ಅಂದಳು. ಚುನಾವಣೆಯ ಪ್ರಚಾರಪತ್ರದಲ್ಲಿ ಮುದ್ರಕರ, ಪ್ರಕಾಶಕರ ಹೆಸರು ಇರಲೇಬೇಕು ಅಂತ ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಮು ಹೇಳುತ್ತೆ, ನಾನು ಅದನ್ನೇ ಇಟ್ಟುಕೊಂಡು ಬರೆದಿದ್ದೆ. ಆದರೆ ಅಭ್ಯರ್ಥಿಗೆ ಸೀಟು ಕಳಕೊಳ್ಳೋ ಭಯ ಇರಲ್ಲ, ಹಾಸ್ಟೆಲ್ ಹುಡುಗಿಗೆ ಇರುತ್ತೆ. ಹಾಗಾಗಿ ಆ ಸಾಲನ್ನು ‘ಖೋಲಿ ನಂಬರು ಅಥವಾ ಮಹಡಿ’ ಅಂತ ಬದಲಿಸೋಣ. ಬೋರ್ಡನ್ನೂ ವಾರ್ಡನ್ ಕೋಣೆಯ ಎದುರಿಂದ ಕಿತ್ತು, ಮೆಸ್ಸಿನಲ್ಲಿ ಕೈ ತೊಳೆಯೋ ನಳದ ಪಕ್ಕದ ಗೋಡೆಗೆ ಹಾಕಬೇಕು. ಎರಡು ಮೊಳೆ, ಅರ್ಧ ಗಂಟೆಯ ಕೆಲಸ.