ಕಾರಣ ಗೊತ್ತಾದ್ರೆ ಮಾಫೀನಾ?

ಜಾರ್ಜ್ ಆರ್.ಆರ್. ಮಾರ್ಟಿನ್ ಅವರ ‘ಎ ಸಾಂಗ್ ಆಫ್ ಐಸ್ ಆ್ಯಂಡ್ ಫೈರ್’ ಓದಿದ ನಾಲ್ಕು ಮಂದಿ ಒಂದು ಕಡೆ ಸೇರಿದರೆ ಸಾಕು, ಜೇಮಿ ಲ್ಯಾನಿಸ್ಟರ್ ವಿಚಾರ ಬಂದೇ ಬರುತ್ತೆ. ಐದನೇ ಪುಸ್ತಕ ಬಂದಿದ್ದು 2011ರಲ್ಲಿ. ಆರನೆಯದಕ್ಕೆ ಕಾಯ್ತಾ ಕಾಯ್ತಾ ನಮ್ಮ ಗೆಳೆಯರ ಮದುವೆ ಆಯ್ತು, ಇಎಂಐ ಶುರುವಾಯ್ತು, ಈ ಜಗಳ ಮಾತ್ರ ಮುಗೀಲಿಲ್ಲ. ಹಬ್ಬಕ್ಕೆ ಎಲ್ಲರೂ ಕಲಬುರಗಿಗೆ ಬಂದರೆ, ಅಪ್ಪನ ಕೆರೆ ದಂಡೆಯಲ್ಲಿ ಮಿರ್ಚಿ ಭಜಿ ತಿನ್ನುತ್ತಾ ಮತ್ತೆ ಅದೇ ಪ್ರಶ್ನೆ: ಜೇಮಿ ಒಳ್ಳೆಯವನಾ, ಕೆಟ್ಟವನಾ?

ಓದದೇ ಇದ್ದವರಿಗೆ ಎರಡು ಘಟನೆ ಹೇಳಿದರೆ ಸಾಕು. 1996ರ ಮೊದಲ ಪುಸ್ತಕದಲ್ಲಿ ಬ್ರ್ಯಾನ್ ಅನ್ನೋ 7 ವರ್ಷದ ಹುಡುಗ ಗೋಪುರ ಹತ್ತಿ ಕಿಟಕಿಯಲ್ಲಿ ಇಣುಕುತ್ತಾನೆ. ಒಳಗೆ ಜೇಮಿ ತನ್ನ ಅವಳಿ ಸೋದರಿ, ರಾಣಿ ಸೆರ್ಸಿಯ ಜೊತೆ ಇದ್ದಾನೆ. ಗುಟ್ಟು ರಟ್ಟಾಗಬಾರದು ಅಂತ ಹುಡುಗನನ್ನು ಕೆಳಕ್ಕೆ ತಳ್ಳುತ್ತಾನೆ. ಬ್ರ್ಯಾನ್ ಬದುಕುತ್ತಾನೆ, ಆದರೆ ಮತ್ತೆ ನಡೆಯಲಾರ. ಇದು ಮೊದಲನೆಯದು. 2000ರಲ್ಲಿ ಬಂದ ಮೂರನೇ ಪುಸ್ತಕದಲ್ಲಿ ಜೇಮಿಯ ಹೆಸರಿನ ಅಧ್ಯಾಯಗಳು ಶುರುವಾಗುತ್ತವೆ, ಮೊದಲ ಸಲ ಅವನ ತಲೆಯೊಳಗೆ ಹೋಗುತ್ತೇವೆ. ತಾನೇ ಕಾಯಬೇಕಿದ್ದ ರಾಜ ಏರಿಸ್‌ನನ್ನು ಅವನು ಯಾಕೆ ಕೊಂದ ಅನ್ನೋದು ಆಗ ತಿಳಿಯುತ್ತೆ. ಸೋಲು ಖಾತ್ರಿಯಾದಾಗ ಆ ಹುಚ್ಚು ರಾಜ ರಾಜಧಾನಿಯನ್ನೇ ಸುಡಲು ಹೊರಟಿದ್ದ. 17 ವರ್ಷದ ಜೇಮಿ ಊರು ಉಳಿಸಿದ. ಅದಕ್ಕೆ ಅವನಿಗೆ ಸಿಕ್ಕಿದ್ದು ರಾಜನನ್ನು ಕೊಂದವ ಅನ್ನೋ ಕೆಟ್ಟ ಹೆಸರು.

ಇಲ್ಲಿಗೆ ಬಂದಾಗ ನಮ್ಮಲ್ಲೊಬ್ಬ ಪ್ರತಿ ಸಲ ಹೇಳ್ತಾನೆ: “ನೋಡಲೇ, ಪಾಪ, ಅವಂಗೂ ಕಾರಣ ಇತ್ತು.” ಖರೇ. ಆದರೆ ಯಾವುದಕ್ಕೆ? ರಾಜನನ್ನು ಕೊಂದದ್ದಕ್ಕೆ. ಬ್ರ್ಯಾನ್‌ನನ್ನು ತಳ್ಳಿದ್ದಕ್ಕಲ್ಲ. ಆ ಲೆಕ್ಕದಲ್ಲಿ ಜಮಾ ಆದದ್ದನ್ನು ತಂದು ಈ ಲೆಕ್ಕದ ಬಾಕಿ ತೀರಿಸಿಬಿಡ್ತೀವಿ. ಮಾರ್ಟಿನ್ ಹಾಗೆ ಮಾಡೋದಿಲ್ಲ. ಅದೇ ಪುಸ್ತಕದಲ್ಲಿ ಜೇಮಿ ಸೆರ್ಸಿಗೆ ಹೇಳ್ತಾನೆ: ನಿನ್ನನ್ನು ಪ್ರೀತಿಸಿದ್ದಕ್ಕೆ ನಾಚಿಕೆಯಿಲ್ಲ, ಅದನ್ನು ಮುಚ್ಚಿಡಲು ಮಾಡಿದ ಕೆಲಸಕ್ಕೆ ಇದೆ ಅಂತ. ಹೇಳುವಾಗ ಆ ಹುಡುಗನ ಮಾತನ್ನೂ ತೆಗೀತಾನೆ. ಅಂದರೆ ಅಭಿಮಾನಿಗಳು ಧಾರಾಳವಾಗಿ ಕೊಟ್ಟ ಮಾಫಿಯನ್ನು ಜೇಮಿ ತನಗೆ ತಾನೇ ಕೊಟ್ಟುಕೊಂಡಿಲ್ಲ.

ಇದರ ಪಕ್ಕದಲ್ಲಿ ಹ್ಯಾರಿ ಪಾಟರ್ ಇಟ್ಟು ನೋಡಿ. 2005ರ ಜುಲೈನಲ್ಲಿ ಬಂದ ಆರನೇ ಪುಸ್ತಕದ ಕೊನೆಗೆ ಸ್ನೇಪ್ ಡಂಬಲ್ಡೋರ್‌ನನ್ನು ಕೊಲ್ಲುತ್ತಾನೆ. 2007ರ ಜುಲೈವರೆಗೆ, ಎರಡು ವರ್ಷ, ಓದುಗರು ಅವನು ಯಾರ ಕಡೆ ಅಂತ ಕಿತ್ತಾಡಿದರು. ಉತ್ತರ ಸಿಕ್ಕಾಗ ಕಣ್ಣಲ್ಲಿ ನೀರು ಬಂತು: ಹ್ಯಾರಿಯ ತಾಯಿ ಲಿಲಿಯ ಮೇಲಿನ ಪ್ರೀತಿ. ಸರಿ, ಆದರೆ ಮೂರನೇ ಪುಸ್ತಕದ ನೆವಿಲ್ ನೆನಪಿದ್ದಾನಾ? ಆ 13 ವರ್ಷದ ಹುಡುಗನಿಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆ ದೆವ್ವದ್ದಲ್ಲ, ತನ್ನ ಮೇಷ್ಟ್ರು ಸ್ನೇಪ್‌ದು. ಲಿಲಿಯ ಮೇಲಿನ ಪ್ರೀತಿಗೂ ನೆವಿಲ್‌ನನ್ನು ಕ್ಲಾಸಿನಲ್ಲಿ ಗೋಳು ಹೊಯ್ದುಕೊಳ್ಳೋದಕ್ಕೂ ಏನು ಸಂಬಂಧ? ಕೊನೆಗೆ ಹ್ಯಾರಿ ತನ್ನ ಮಗನಿಗೆ ಸ್ನೇಪ್‌ನ ಹೆಸರನ್ನೂ ಸೇರಿಸಿ ಇಡ್ತಾನೆ. ಅಲ್ಲಿ ರೌಲಿಂಗ್ ಅವಸರ ಮಾಡಿದರು ಅನ್ನಿಸುತ್ತೆ. ನೆವಿಲ್‌ನನ್ನು ಒಂದು ಮಾತು ಕೇಳದೆ ಕೇಸು ಮುಚ್ಚಿಬಿಟ್ಟರು.

ಈ ಚಟ ಇಂಗ್ಲಿಷ್ ಪುಸ್ತಕ ಓದೋರಿಗೆ ಮಾತ್ರ ಅಂಟಿದ್ದೇನಲ್ಲ. ನಮಗೆ ಕರ್ಣ ಇದ್ದಾನಲ್ಲ. ನಮ್ಮ ಜಿಲ್ಲೆಯ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಅವರ ಸಾಮಂತ ಅರಿಕೇಸರಿಯ ಆಸ್ಥಾನದಲ್ಲಿದ್ದ ಪಂಪ, 941ರ ಹೊತ್ತಿಗೆ ‘ವಿಕ್ರಮಾರ್ಜುನ ವಿಜಯ’ ಬರೆದ. ನಾಯಕ ಅರ್ಜುನ, ತನ್ನ ದೊರೆಯನ್ನೇ ಅರ್ಜುನನಲ್ಲಿ ಕಂಡ ಕಾವ್ಯ. ಆದರೂ ಪಂಪ ನೆನೆಯಲು ಹೇಳಿದ್ದು ಎದುರು ಪಕ್ಷದ ಕರ್ಣನನ್ನು. ಹೀರೋ ಒಬ್ಬ, ಅಭಿಮಾನ ಇನ್ನೊಬ್ಬನ ಮೇಲೆ. ನಮ್ಮಲ್ಲಿ ಇದಕ್ಕೆ ಸಾವಿರ ವರ್ಷ ದಾಟಿದೆ.

ಕರ್ಣನ ಕಾರಣಗಳು ಸಣ್ಣವಲ್ಲ. ಹುಟ್ಟಿನ ಹೆಸರಲ್ಲಿ ಆದ ಅವಮಾನ, ಉಪ್ಪಿನ ಋಣ. ಇವತ್ತಿಗೂ ‘ನಿಮ್ಮದು ಯಾವ ಮಂದಿ’ ಅಂತ ಕೇಳಿ ಬಾಡಿಗೆ ಮನೆ ಕೊಡೋ ಊರುಗಳಲ್ಲಿ ಅವನ ಸಿಟ್ಟು ಅರ್ಥವಾಗದೆ ಇರೋದಿಲ್ಲ. ಆದರೆ ವ್ಯಾಸಭಾರತದ ಸಭಾಪರ್ವದಲ್ಲಿ ದ್ರೌಪದಿಯ ಬಟ್ಟೆ ಕಿತ್ತುಕೊಳ್ಳಲು ಹೇಳಿದವನೂ ಅವನೇ. ಕೆಂಪು ಬಾಳೆಗೆ ಹೆಸರಾದ ಕಮಲಾಪುರದಲ್ಲಿ ನಮ್ಮ ಗೆಳೆಯನೊಬ್ಬನ ಮುತ್ಯಾ ಇದ್ದಾರೆ, ರಾತ್ರಿಯಿಡೀ ಬಯಲಾಟ ನೋಡಿ ಬೆಳೆದವರು. ಅವರ ಮುಂದೆ ಕರ್ಣನ ಪರ ವಾದ ಹೂಡಿದ್ವಿ. “ಕರ್ಣ ದೊಡ್ಡಾವನೇ ತಮ್ಮಾ. ಆದ್ರ ಆಕಿ ಅವಗ ಏನ್ ಮಾಡಿದ್ಳು?” ಅಂದರು. “ಸ್ವಯಂವರದಾಗ ಸೂತನ ಮಗ ಅಂತ ಬ್ಯಾಡಂದಿದ್ಳಲ್ಲ ಮುತ್ಯಾ?” ಅಂದ ಗೆಳೆಯ. “ಅಂದಿರಬೇಕು, ಅದೂ ತಪ್ಪೇ. ಹಂಗಂತ ತುಂಬಿದ ಸಭಾದಾಗ ಸೀರಿ ಎಳಸ್ತಾರೇನೋ?”

ಎರಡು ತಪ್ಪಿಗೆ ಎರಡು ಲೆಕ್ಕ. ಕರ್ಣನಿಗೂ ಇದು ಗೊತ್ತಿತ್ತು. ಉದ್ಯೋಗಪರ್ವದಲ್ಲಿ ಕೃಷ್ಣನ ಹತ್ತಿರ, ದುರ್ಯೋಧನನನ್ನು ಮೆಚ್ಚಿಸಲು ಪಾಂಡವರಿಗೆ ಆಡಿದ ಕಟುಮಾತಿಗೆ ಈಗ ಸಂಕಟ ಆಗ್ತಿದೆ ಅನ್ನುತ್ತಾನೆ. ಕಾರಣವನ್ನು ಹೇಳ್ತಾನೆ, ಅದರ ಹಿಂದೆ ಅಡಗೋದಿಲ್ಲ.

ಕಥೆಯ ವಿಷಯಕ್ಕೆ ಇಷ್ಟು ತಲೆ ಕೆಡಿಸ್ಕೋಬೇಕಾ ಅಂತ ಕೇಳಬಹುದು. ಕಥೆಯಲ್ಲಿ ರೂಢಿಯಾದದ್ದು ಅಲ್ಲಿಗೇ ನಿಲ್ಲೋದಿಲ್ಲ. ಹತ್ತು ಜನರ ಮುಂದೆ ಜೂನಿಯರ್ ಹುಡುಗಿಯನ್ನು ಅಳಿಸಿದ ಮ್ಯಾನೇಜರ್ ಬಗ್ಗೆ “ಅವರಿಗೂ ಮೇಲಿಂದ ಪ್ರೆಶರ್ ಇರುತ್ತೆ ಬಿಡ್ರಿ” ಅಂತೀವಿ. ಹೆಂಡತಿಯ ಮೇಲೆ ಕೈ ಎತ್ತಿದವನ ಬಗ್ಗೆ “ಅವರಪ್ಪನೂ ಹಂಗೇ ಇದ್ದ” ಅಂತೀವಿ. ಎರಡೂ ನಿಜ ಇರಬಹುದು. ಕಾರಣ ತಿಳಿದರೆ ಮನುಷ್ಯ ಅರ್ಥವಾಗ್ತಾನೆ, ಅದಕ್ಕೇ ಕಾದಂಬರಿ ಓದೋದು. ಮಾಫಿ ಮಾಡೋ ಹಕ್ಕು ಮಾತ್ರ ಓದುಗರದ್ದಲ್ಲ, ಪಕ್ಕದ ಸೀಟಿನ ಸಹೋದ್ಯೋಗಿಯದ್ದೂ ಅಲ್ಲ. ಅದು ಬ್ರ್ಯಾನ್‌ದು, ನೆವಿಲ್‌ದು, ದ್ರೌಪದಿಯದು.

ಜೇಮಿಯ ಅಧ್ಯಾಯಗಳನ್ನು ಮತ್ತೆ ಓದೋರು ಖಂಡಿತ ಓದಿ, ಅವು ಅಷ್ಟು ಚೆನ್ನಾಗಿವೆ. ಓದಿ ಮುಗಿಸಿ ಮನಸ್ಸು ಕರಗಿದ ಮೇಲೆ, ಬ್ರ್ಯಾನ್ ಹೆಸರಿನ ಅಧ್ಯಾಯಗಳನ್ನೂ ಒಂದು ಸಲ ತೆಗೆದು ನೋಡಿ.