ಲೂಟಿಯ ಕರ್ತೃ ಯಾರು?

ಇಂಗ್ಲಿಷರು ನಮ್ಮ ನಾಡಿನಿಂದ ಒಯ್ದವುಗಳಲ್ಲಿ ಒಂದು ಕ್ರಿಯಾಪದವೂ ಇದೆ: ‘ಲೂಟ್’. ಸಂಸ್ಕೃತ ಮೂಲದ, ಹಿಂದಿ-ಉರ್ದುವಿನಲ್ಲಿ ಬೆಳೆದ ಈ ಪದ 18ನೇ ಶತಮಾನದ ಕೊನೆಯ ಹೊತ್ತಿಗೇ ಕಂಪೆನಿಯವರ ಬಾಯಿಗೆ ಹತ್ತಿತ್ತು. 1841ರ ಚೀನಾ ಯುದ್ಧದಿಂದ 1857ರ ದಂಗೆಯವರೆಗಿನ ಅವಧಿಯಲ್ಲಿ ಅದು ಇಂಗ್ಲೆಂಡಿನಲ್ಲೂ ಚಲಾವಣೆಗೆ ಬಂತೆಂದು ಯೂಲ್ ಮತ್ತು ಬರ್ನೆಲ್‌ರ ‘ಹಾಬ್ಸನ್-ಜಾಬ್ಸನ್’ (1886) ನಿಘಂಟು ಹೇಳುತ್ತದೆ. ಅಂದರೆ ಈ ಪದವನ್ನು ಹೊತ್ತು ಸಾಗಿಸಿದ್ದು ಯುದ್ಧಗಳೇ.

ಆದರೆ ಹಡಗು ಹತ್ತಿದ್ದು ಅದರ ಒಂದೇ ಮುಖ. ಉರ್ದುವಿನಲ್ಲಿ ದಾರ ಕಡಿದು ಬೀಳುವ ಗಾಳಿಪಟವನ್ನು ಮಕ್ಕಳು ‘ಲೂಟು’ತ್ತಾರೆ. ಒಳ್ಳೆಯ ಗಝಲ್ ಓದಿ ಎಲ್ಲರ ಮನಗೆದ್ದ ಶಾಯರ್‌ ‘ಮುಷಾಯಿರಾ ಲೂಟ್ ಲಿಯಾ’ ಎಂದು ಹೊಗಳಿಸಿಕೊಳ್ಳುತ್ತಾನೆ. ನಮ್ಮ ಕರಾವಳಿಯ ಮನೆಗಳಲ್ಲಂತೂ ‘ಲೂಟಿ’ ಎಂದರೆ ಮಕ್ಕಳ ತುಂಟಾಟ. ಈ ನಗು ಇಲ್ಲೇ ಉಳಿಯಿತು.

ಅದಕ್ಕಿಂತ ಮುಖ್ಯವಾದದ್ದು, ಈ ಕ್ರಿಯಾಪದಕ್ಕೆ ಕರ್ತೃ ಯಾರು ಎಂಬ ಪ್ರಶ್ನೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಆ ರಾತ್ರಿ ಸೈನಿಕರು ಊರನ್ನು ದೋಚಿದರು. ಅದನ್ನು ನಿಲ್ಲಿಸಲು ಆರ್ಥರ್ ವೆಲ್ಲೆಸ್ಲಿ ಕೆಲವರನ್ನು ಗಲ್ಲಿಗೇರಿಸಿದ. ಬಳಿಕ ಟಿಪ್ಪು ಸುಲ್ತಾನರ ಖಜಾನೆಯನ್ನು ಲೆಕ್ಕಹಾಕಿ, ಸಿಂಹಾಸನವನ್ನು ಒಡೆದು, ದರ್ಜೆಗೆ ತಕ್ಕಂತೆ ಪಾಲು ಹಂಚಲಾಯಿತು. ದಫ್ತರದಲ್ಲಿ ಇದರ ಹೆಸರು ‘ಪ್ರೈಜ್’! ಯುದ್ಧದಲ್ಲಿ ವಶಪಡಿಸಿಕೊಂಡದ್ದು ಎಂಬುದು ಅದರ ಕಾನೂನಿನ ಅರ್ಥ. ಸಿಪಾಯಿ ಕದ್ದರೆ ನೇಣು, ಸಮಿತಿ ಹಂಚಿದರೆ ಹಕ್ಕು. ಟಿಪ್ಪುವಿನ ಮರದ ಹುಲಿ ಇಂದಿಗೂ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ.

ಈ ಪಕ್ಷಪಾತ ಹಳೆಯ ಕಾಲಕ್ಕೇ ಮುಗಿಯಲಿಲ್ಲ. 2005ರಲ್ಲಿ ಕತ್ರಿನಾ ಚಂಡಮಾರುತ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರವನ್ನು ಮುಳುಗಿಸಿದಾಗ ಎರಡು ಸುದ್ದಿಸಂಸ್ಥೆಗಳ ಎರಡು ಚಿತ್ರಗಳು ಪ್ರಕಟವಾದವು. ಎರಡರಲ್ಲೂ ಎದೆಮಟ್ಟದ ನೀರು, ಕೈಯಲ್ಲಿ ದಿನಸಿ. ಕಪ್ಪು ಯುವಕನ ಚಿತ್ರದಡಿ ಅಂಗಡಿ ‘ಲೂಟ್’ ಮಾಡಿ ಬರುತ್ತಿದ್ದಾನೆ ಎಂದಿತ್ತು. ಬಿಳಿಯರ ಚಿತ್ರದಡಿ, ಅಂಗಡಿಯಿಂದ ಬ್ರೆಡ್ಡು, ಸೋಡಾ ‘ಸಿಕ್ಕಿದ’ ಬಳಿಕ ಎಂದು. ಕಂಡದ್ದನ್ನೇ ಬರೆದೆವೆಂದು ಎರಡೂ ಕಡೆಯವರು ಸಮಜಾಯಿಷಿ ಕೊಟ್ಟರು. ಹಸಿವು ಮಾತ್ರ ಇಬ್ಬರದೂ ಒಂದೇ ಆಗಿತ್ತು.

ನಮ್ಮ ಪತ್ರಿಕಾ ಕನ್ನಡವೂ ಇದಕ್ಕೆ ಹೊರತಲ್ಲ. ಗುಂಪೊಂದು ಅಂಗಡಿಗೆ ನುಗ್ಗಿದರೆ ‘ಲೂಟಿ’. ಕಡತಗಳ ನಡುವೆ ಕೋಟಿಗಟ್ಟಲೆ ಕರಗಿದರೆ ಹೆಚ್ಚಾಗಿ ‘ಅವ್ಯವಹಾರ’. ವರದಿ ಬರೆಯುವವರು ಕ್ರಿಯಾಪದ ಆರಿಸುವ ಮುನ್ನ ಅದೇ ಕೆಲಸವನ್ನು ಬೇರೊಬ್ಬರು ಮಾಡಿದ್ದರೆ ಏನೆಂದು ಬರೆಯುತ್ತಿದ್ದೆವು ಎಂದು ಕೇಳಿಕೊಳ್ಳಬೇಕು. ಅವರು ಕೇಳದಿದ್ದರೆ, ಓದುವ ನಾವಾದರೂ ಕೇಳಬೇಕು.